ಸೊಪ್ಪು ಮುಚ್ಚಿದ ದಾರಿ

ಈ ಭಾನುವಾರವೂ ಕಣಿವೆಯಲ್ಲಿ ಶೂ ಹೆಜ್ಜೆ ಬಿದ್ದಿತ್ತು.

ಪರ್ವತಯ್ಯ ಕುಕ್ಕರುಗಾಲಿನಲ್ಲಿ ಕೂತು ನೋಡಿದ. ಮಣ್ಣು ಹಿಟ್ಟಿನಷ್ಟು ನುಣ್ಣಗಿತ್ತು; ಹೆಜ್ಜೆಯ ಗೆರೆಗಳು ಅಚ್ಚು ಒತ್ತಿದಂತೆ ಮೂಡಿದ್ದವು. ಚನ್ನರಾಯನದುರ್ಗದ ಕಡೆಯಿಂದ ಬಂದು ಸಿದ್ದರಬೆಟ್ಟದ ಕಡೆಗೆ, ಅಂದರೆ ಅವನ ಊರಿನತ್ತಲೇ ಇಳಿದಿದ್ದವು. ಆಡಿನ ಗೊರಸಾಗಿದ್ದರೆ ಯಾರ ಮನೆಯದೆಂದು ಹೇಳಿಬಿಡುತ್ತಿದ್ದ. ಶೂ ಮಾತ್ರ ಅವನ ಕಣ್ಣಿಗೆ ಎಲ್ಲವೂ ಒಂದೇ. ಇದು ಸತತ ಮೂರನೇ ವಾರ. ಹೆಜ್ಜೆಯವರು ಅವನು ಅಡ್ಡ ಇಟ್ಟಿದ್ದ ಸೊಪ್ಪನ್ನು ತುಳಿದಿರಲಿಲ್ಲ, ಸರಿಸಿಯೂ ಇರಲಿಲ್ಲ. ಪಕ್ಕದಿಂದ ಸುತ್ತಿ ಹೋಗಿದ್ದರು.

ಓಡುವವರು ಬೇರೆ ಯಾರೋ ಈ ದಾರಿ ಕಂಡುಕೊಂಡಿದ್ದಾರೆ. ಇಂದಲ್ಲ ನಾಳೆ ಅದು ಲೋಹಿತಾಳ ಕಿವಿಗೆ ಬೀಳುತ್ತದೆ. ಅವನು ರೆಂಬೆ ಮುರಿದು ಹೆಜ್ಜೆಗಳನ್ನೆಲ್ಲ ಗುಡಿಸಿದ. ಬಾಡಿದ ಸೊಪ್ಪನ್ನು ಎಸೆದು ಹಸಿಯದನ್ನು ಇಟ್ಟ.

ಆ ಸೀಮೆಯಲ್ಲಿ ಆಡು ಕಾಯುವವರದ್ದೊಂದು ಪದ್ಧತಿ. ಮುಂದೆ ಮರಿ ಹಾಕಿದ ಕರಡಿಯೋ, ಎದ್ದ ಹೆಜ್ಜೇನು ಹುಳವೋ ಇದ್ದರೆ, ಮೊದಲು ಕಂಡವನು ದಾರಿಗೆ ಅಡ್ಡಲಾಗಿ ತಂಗಡಿ ಸೊಪ್ಪು ಇಟ್ಟು ಮೇಲೊಂದು ಕಲ್ಲು ಹೇರುತ್ತಾನೆ. ಹಿಂದೆ ಬಂದವರು ಯಾಕೆಂದು ಕೇಳದೆ ತಿರುಗಿ ಹೋಗುತ್ತಾರೆ. ಅರವತ್ತು ವರ್ಷ ಆಡು ಕಾದ ಪರ್ವತಯ್ಯ ಒಂದು ದಿನವೂ ಸುಳ್ಳು ಸೊಪ್ಪು ಇಟ್ಟವನಲ್ಲ. ಈಗ ಐದು ತಿಂಗಳಿಂದ ಇಡುತ್ತಿದ್ದ.

ಲೋಹಿತಾ ಮೊದಲು ಬಂದದ್ದು ದೀಪಾವಳಿ ಕಳೆದ ಮೇಲೆ. ಮಧುಗಿರಿಗೆ ವರ್ಗವಾಗಿ ಬಂದಿದ್ದ ನರ್ಸು. ಒಂಟಿ ಕೋಣೆಯ ವಾಸ. ಬೆಟ್ಟದ ದಾರಿ ಬಲ್ಲವರು ಯಾರೆಂದು ಕೇಳಿಕೊಂಡು ಅವನ ಜಗಲಿಗೆ ಬಂದಿದ್ದಳು.

“ಸಿದ್ದರಬೆಟ್ಟದಿಂದ ಹೊರಟು ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ ಹತ್ತಿಳಿದು ಪಾವಗಡದ ಕೋಟೆ ಮುಟ್ಟಬೇಕು ತಾತ. ಒಂದು ಹಗಲು, ಒಂದು ರಾತ್ರೀಲಿ ಓಡಿ ಮುಗಿಸಬೇಕು. ಟಾರು ರಸ್ತೆ ತುಳಿಯೋ ಹಾಗಿಲ್ಲ.”

“ಯಾರವ್ವ ಅಟ್ಟಿಸ್ಕೊಂಡು ಬರೋರು?”

“ಯಾರೂ ಇಲ್ಲ.”

“ಮತ್ತೆ ಯಾಕವ್ವ ಓಡೀಯ, ಸುಮ್ಕೆ?”

ಅವಳು ನಕ್ಕುಬಿಟ್ಟಳು. ಪರ್ವತಯ್ಯನ ಮಂಡಿ ಕೈಕೊಟ್ಟು ಆಡು ಮಾರಿದ ಮೇಲೆ ಆ ಮನೆಯಲ್ಲಿ ಮಾತಾಡಿಸಲು ಆಡೂ ಇರಲಿಲ್ಲ. ನಗು ಎಲ್ಲಿಂದ ಬರಬೇಕು?

ಉಳಿದ ಬೆಟ್ಟಗಳ ನಡುವಿನ ದಾರಿಗಳನ್ನು ಅವಳು ಆಗಲೇ ಹುಡುಕಿ ಮುಗಿಸಿದ್ದಳು. ಬಾಕಿ ಇದ್ದದ್ದು ಸಿದ್ದರಬೆಟ್ಟದಿಂದ ದುರ್ಗದವರೆಗಿನ ಇದೊಂದೇ ತುಂಡು. ಕಣಿವೆಯಲ್ಲಿ ಇಳಿದರೆ ಓಡುವ ಕಾಲಿಗೆ ಎರಡು ಗಂಟೆ. ತೋರಿಸಿದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ಅವಳು ಮತ್ತೆ ಈ ಕಡೆ ತಲೆ ಹಾಕಲು ಕಾರಣವೇ ಇರುತ್ತಿರಲಿಲ್ಲ. “ಅಲ್ಲಿ ಮರಿ ಹಾಕಿರೋ ಕರಡಿ ಐತೆ ಕಣವ್ವ,” ಎಂದುಬಿಟ್ಟ.

ಅಂದಿನಿಂದ ಪ್ರತಿ ಭಾನುವಾರ ಬೇರೆ ದಾರಿ ಹುಡುಕುವ ನೆಪದಲ್ಲಿ ಇಬ್ಬರದೂ ಒಂದೊಂದು ಸುತ್ತು. ಮುಳ್ಳುಪೊದೆ, ಬಂಡೆಸಾಲು, ಕೊನೆಗೆ ದಾರಿ ಎಲ್ಲೂ ತಲುಪುತ್ತಿರಲಿಲ್ಲ. ಮಧ್ಯಾಹ್ನ ಮರದಡಿ ಅವಳು ಎರಡು ಡಬ್ಬಿ ಬಿಚ್ಚುತ್ತಿದ್ದಳು, ಅವನಿಗೊಂದು, ತನಗೊಂದು. ಅವಳ ಫೋನು ಒಮ್ಮೆಯೂ ಬಡಿದುಕೊಂಡದ್ದನ್ನು ಅವನು ಕೇಳಲಿಲ್ಲ. ಸಂಕ್ರಾಂತಿಯ ವಾರ ಮಾತ್ರ ಅವಳು ಬರಲಿಲ್ಲ. ಅವನು ಕತ್ತಲಾಗುವವರೆಗೆ ಜಗಲಿಯಲ್ಲೇ ಕೂತಿದ್ದ. ಮುಂದಿನ ವಾರ ಕುಂಟುತ್ತ ಬಂದಳು. ಹೆಬ್ಬೆರಳುಗಳ ಉಗುರು ಕಪ್ಪಿಟ್ಟಿದ್ದವು. “ಕಲ್ಲು ಎಡವಿದೆ,” ಎಂದಳು. ಅವನು ಬೇವಿನೆಣ್ಣೆ ಸವರಿದ. ಓಟದ ಹೊತ್ತು ಅಳೆಯಲು ಕೈಗೆ ಕಟ್ಟುತ್ತಿದ್ದ ಗಡಿಯಾರವನ್ನು ಅವಳು ಆಮೇಲೆ ಕಟ್ಟಿ ಬರಲೇ ಇಲ್ಲ.

ಸೊಪ್ಪು ಬದಲಿಸಿ ಇಳಿಯುವಾಗ ಚಿಕ್ಕಲಕ್ಷ್ಮಮ್ಮ ಎದುರಾದಳು. ತಲೆಯ ಮೇಲೆ ಸೌದೆ ಹೊರೆ.

“ಏನ್ ಪರ್ವತಣ್ಣ, ನಿನ್ ಕರಡಿ ಇನ್ನೂ ಬಾಣಂತಿಯೇ? ಐದು ತಿಂಗ್ಳಾಯ್ತು! ನನ್ ಸೊಸೆಗೂ ಇಷ್ಟು ದಿನ ಬಾಣಂತನ ಮಾಡ್ನಿಲ್ಲ.”

“ಹುಷಾರಾಗಿರಾದು ಒಳ್ಳೇದಲ್ವೇನಮ್ಮ.”

“ಹೊರೆ ಹೊತ್ಕೊಂಡು ಗುಡ್ಡ ಸುತ್ತಿ ಮಂಡಿ ಬಿದ್ದೋಗೈತೆ. ಬೇರೆ ಯಾರಾನ ಇಟ್ಟಿದ್ರೆ ಕಿತ್ತು ಬಿಸಾಕ್ತಿದ್ದೆ. ನೀನಿಟ್ಟಿದ್ದು ಅಂತ ಸುಮ್ಕಿವ್ನಿ.”

ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಂಬಿದ್ದಳಲ್ಲ, ಅದು ಅವನನ್ನು ಚುಚ್ಚಿತು.

ಮನೆಗೆ ಬಂದಾಗ ಲೋಹಿತಾ ಜಗಲಿಯಲ್ಲಿ ಕೂತು ಶೂಗೆ ಮೆತ್ತಿದ್ದ ನುಣ್ಣನೆ ಮಣ್ಣು ಕೊಡವುತ್ತಿದ್ದಳು. ಹತ್ತು ಗಂಟೆಯ ಬಸ್ಸು ಇನ್ನೂ ಬಂದಿರಲಿಲ್ಲ.

“ಯಾರೋ ಬೈಕಲ್ಲಿ ಬಿಟ್ರು ತಾತ. ಇವತ್ತು ಯಾವ ಕಡೆ?”

ಅವನು ಉತ್ತರಿಸದೆ ಬಂದ ದಾರಿಯಲ್ಲೇ ತಿರುಗಿ ಹತ್ತಿದ. ಅವಳು ಹಿಂದೆ ಬಂದಳು. ಕಣಿವೆಯ ಬಾಯಲ್ಲಿ ನಿಂತು, ಈಗ ತಾನೇ ಇಟ್ಟ ಸೊಪ್ಪನ್ನು ಎತ್ತಿ ಪೊದೆಗೆ ಎಸೆದ.

“ಕರಡಿ ಇಲ್ಲ ಕಣವ್ವ. ಯಾವತ್ತೂ ಇರ್ನಿಲ್ಲ. ಇಂಗೇ ನೆಟ್ಟಗೆ ಇಳಿದ್ರೆ ದುರ್ಗ. ನಿಂಗೆ ಮೋಸ ಮಾಡ್ಬುಟ್ಟೆ.”

“ಯಾಕೆ ತಾತ?”

ಅವನು ದೂರದ ಕೋಟೆಯ ಕಡೆ ನೋಡಿದ. “ದಾರಿ ಸಿಕ್ಕಿದ್ರೆ ನೀನ್ ಬರಾಕಿಲ್ಲ ಅಂತ.”

ಗಾಳಿ ಬೀಸಿತು. ಅವನು ದಾರಿ ಬಿಟ್ಟು ನಿಂತ.

“ಹೋಗವ್ವ. ಈಗಲಾದ್ರೂ ಓಡು. ನಾನು ಇಲ್ಲೇ ನಿಂತು ನೋಡ್ತೀನಿ.”

ಲೋಹಿತಾ ಓಡಲಿಲ್ಲ. ಬಂಡೆಯ ಮೇಲೆ ಕೂತು, ಅವನೂ ಕೂರಲೆಂದು ಪಕ್ಕಕ್ಕೆ ಸರಿದಳು.

“ಓಡಿ ಮುಗಿಸಿ ಎರಡು ತಿಂಗಳಾಯ್ತು ತಾತ,” ಎಂದಳು. “ಇದೇ ಕಣಿವೇಲಿ.”