ರೂಟ್ ಕೆನಾಲ್‌ಗೆ ಗಲಾಪಗೋಸ್

ದಂತವೈದ್ಯೆ ಗಲಾಪಗೋಸ್‌ನ ಸಮುದ್ರದಲ್ಲಿ ಹದಿನೆಂಟು ಮೀಟರ್ ಕೆಳಗಿಳಿದಾಗಿತ್ತು. ರೋಗಿಯ ಹಲ್ಲಿನಲ್ಲಿ ಡ್ರಿಲ್ಲು ಇನ್ನೂ ಅರ್ಧ ದಾರಿಯಲ್ಲಿತ್ತು. ಅಷ್ಟರಲ್ಲಿ ಅವಳ ಮಾವ ಹಿಂದಿನಿಂದ ಬಂದು, ಭುಜದ ಮೇಲಿಂದ ಕೈ ಚಾಚಿ, ಅವಳ ಮೂಗಿನ ಮುಂದೆ ಒಂದು ಫಾರಂ ಹಿಡಿದರು. ಹೊರಗೆ ಕೂತಿದ್ದ ರೋಗಿಯ ಹೆಂಡತಿ ಆಗಷ್ಟೇ ತುಂಬಿಸಿ ಕೊಟ್ಟಿದ್ದು. 'ಉದ್ಯೋಗ' ಎಂಬಲ್ಲಿ ಮಾವನ ಬೆರಳಿತ್ತು: ಸ್ಕೂಬಾ ಡೈವಿಂಗ್ ಶಿಕ್ಷಕ. ಪುಣ್ಯಕ್ಕೆ ರೋಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

ಅವಳು ಸಮುದ್ರಕ್ಕೆ ಇಳಿದವಳೇ ಅಲ್ಲ. ಚಿಕ್ಕಂದಿನಲ್ಲಿ ಕಿವಿಯ ಆಪರೇಷನ್ ಆದಂದಿನಿಂದ ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಿವಿಗೆ ಹತ್ತಿ. ಆದರೆ ಕ್ಲಿನಿಕ್ಕಿನ ವರಾಂಡದಲ್ಲಿ ಬಿದ್ದಿರುತ್ತಿದ್ದ ಪ್ರವಾಸದ ಪತ್ರಿಕೆಗಳನ್ನು ಓದಿ ಓದಿ, ಹೆದರಿದ ರೋಗಿಗಳನ್ನು ಮಾತಿನಲ್ಲೇ ನೀರಿಗಿಳಿಸುವುದನ್ನು ಕಲಿತಿದ್ದಳು. ಹಲ್ಲು ಕ್ಲೀನ್ ಮಾಡಿಸುವವರಿಗೆ ಮಾಲ್ಡೀವ್ಸ್, ಹುಳುಕು ತುಂಬಿಸುವವರಿಗೆ ಕೆಂಪು ಸಮುದ್ರ, ರೂಟ್ ಕೆನಾಲ್ ಅಂದರೆ ಗಲಾಪಗೋಸ್. ಎಲ್ಲ ಕಡೆಗೂ 'ನಾನು ಹೋಗಿದ್ದಾಗ' ಎಂದೇ ಶುರು. ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾಗಿ, ಈಗ ಸೊಸೆಯ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದ ಮಾವನಿಗೆ ಇದು ಸಹಿಸಲಾಗದ ಸಂಗತಿ. ಹೇಳೋದೇ ಆದ್ರೆ ಸ್ವಲ್ಪ ತೂಕ ನೋಡಿ ಹೇಳಮ್ಮ, ಒಂದಿನ ಯಾರಾದ್ರೂ ಅಲ್ಲಿಗೆ ಹೋಗಿ ಬಂದವರೇ ಬಂದು ಕೂರ್ತಾರೆ ಅಂತ ಹತ್ತಾರು ಸಲ ಎಚ್ಚರಿಸಿದ್ದರು. ಇವತ್ತು ಕೂತಿದ್ದ.

ಅದೂ ಎಂಥವನು. ಮೊದಲ ಸಲ ಸಿರಿಂಜು ನೋಡಿಯೇ, ಫಾರಂ ಕೂಡ ತುಂಬದೆ, ಎದ್ದು ಹೋಗಿದ್ದ. ಎರಡನೆಯ ಸಲ ಡ್ರಿಲ್ಲಿನ ಸದ್ದಿಗೆ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಓಡಿದ್ದ. ಮರುದಿನ ಹೆಂಡತಿ ಅದನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟಿದ್ದಳು. ಈ ಸಲವೂ ಎದ್ದರೆ ಹಲ್ಲು ಉಳಿಯುವುದಿಲ್ಲ, ಕೀಳಲೇಬೇಕು. ನನ್ನ ಕೆಲಸವೇ ಈ ಹಲ್ಲಿನ ಮೇಲಿದೆ ಅಂತ ಅವನು ಗೋಗರೆದದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು. ನೀರಿನೊಳಗೆ ಉಸಿರಾಟದ ಕೊಳವೆಯನ್ನು ಕಚ್ಚಿ ಹಿಡಿಯುವುದು ಇದೇ ಹಲ್ಲುಗಳಲ್ಲಿ.

ಅವಳ ಮಾತು ನಿಂತಿತು. ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಹಂಡೆಯಿಂದ ಆಗಷ್ಟೇ ತೋಡಿದ ಹಾಗೆ ನೀರು ಬೆಚ್ಚಗಿದೆ ಎಂದಿದ್ದಳು. ಅಲ್ಲಿ ನೀರು ಕೊರೆಯುತ್ತದೆ, ದಪ್ಪ ಅಂಗಿ ತೊಡದೆ ಇಳಿಯುವಂತಿಲ್ಲ ಎಂದು ಅದೇ ಪತ್ರಿಕೆಯಲ್ಲಿ ಓದಿದ್ದಳು. ಕುರ್ಚಿಯಲ್ಲಿ ಕೂತವರು ಮೊದಲೇ ನಡುಗುತ್ತಿರುತ್ತಾರೆಂದು ತಾನೇ ನೀರು ಕಾಯಿಸಿದ್ದಳು.

ಮಾತಿಲ್ಲದ ಕೋಣೆಯಲ್ಲಿ ಡ್ರಿಲ್ಲಿನ ಸದ್ದೊಂದೇ ಉಳಿಯಿತು. ರೋಗಿಯ ಬೆರಳುಗಳು ಕುರ್ಚಿಯ ಕೈಯನ್ನು ಕಚ್ಚಿ ಹಿಡಿದವು. ಒಂದು ಕಾಲು ಮೆಲ್ಲನೆ ಕೆಳಗೆ ಜಾರಿ ನೆಲವನ್ನು ಹುಡುಕತೊಡಗಿತು. ಅವಳು ಡ್ರಿಲ್ ನಿಲ್ಲಿಸಿದಳು. ಅವನ ಕೈ ಮೇಲೆದ್ದಿತು. ಮುಗಿಯಿತು, ಈಗ ಏಳುತ್ತಾನೆ ಎಂದುಕೊಂಡಳು. ಅವನು ಏಳಲಿಲ್ಲ. ಅಂಗೈಯನ್ನು ಚಪ್ಪಟೆ ಮಾಡಿ, ಗಾಳಿಯನ್ನು ಒತ್ತುವಂತೆ, ಎರಡು ಸಲ ಕೆಳಕ್ಕೆ ಇಳಿಸಿದ.

"ಇನ್ನೂ ಕೆಳಗೆ ಹೋಗೋಣ್ವಾ?"

ಬಾಯಿತುಂಬ ರಬ್ಬರು ಹತ್ತಿ ಇಟ್ಟುಕೊಂಡು ಎಷ್ಟು ತಲೆಯಾಡಿಸಬಹುದೋ ಅಷ್ಟು ಆಡಿಸಿದ. ಅವಳು ಇಳಿಸಿದಳು. ಮೂವತ್ತು ಮೀಟರ್ ಆಯಿತು, ನಲವತ್ತಾಯಿತು. ಐವತ್ತಕ್ಕೆ ಮಾವನ ಹುಬ್ಬು ಹಣೆ ದಾಟಿತು. ಕೆಂಪು ಸಮುದ್ರದ ಹವಳಗಳು, ಮಾಲ್ಡೀವ್ಸ್‌ನ ಬಣ್ಣದ ಮೀನುಗಳೆಲ್ಲ ಟಿಕೆಟ್ಟು ಪಾಸ್‌ಪೋರ್ಟಿಲ್ಲದೆ ಗಲಾಪಗೋಸ್‌ಗೆ ಬಂದು ಸೇರಿದವು. ಆಮೆಯೊಂದು ಮದುವೆ ಮನೆಯ ದೊಡ್ಡಮ್ಮನ ಹಾಗೆ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತ ನಡುವೆ ಸುಳಿದಾಡಿತು. ಹಲ್ಲಿನ ಎರಡನೆಯ ಬೇರು ಮುಗಿಯುವ ಹೊತ್ತಿಗೆ ಅವನ ಬೆರಳುಗಳು ಸಡಿಲಾಗಿದ್ದವು. ಎರಡು ಪಾದಗಳೂ ಒಂದಾದ ಮೇಲೊಂದು ಮೇಲೆ ಕೆಳಗೆ ಆಡುತ್ತಿದ್ದವು, ಈಜುವವರ ಹಾಗೆ.

ಎಲ್ಲ ಮುಗಿದು ಅವನು ಬಾಯಿ ಮುಕ್ಕಳಿಸುತ್ತಿದ್ದಾಗ ಅವಳು ತಾನಾಗಿಯೇ ಹೇಳಿಬಿಟ್ಟಳು. "ನಾನು ಅಲ್ಲಿಗೆಲ್ಲ ಹೋಗಿಲ್ಲ. ಯಾವ ಸಮುದ್ರಕ್ಕೂ ಇಳಿದಿಲ್ಲ."

"ನೀರು ಬೆಚ್ಚಗಿದೆ ಅಂದಾಗಲೇ ಗೊತ್ತಾಯ್ತು ಡಾಕ್ಟ್ರೇ." ಮರಗಟ್ಟಿದ ತುಟಿಯ ಒಂದೇ ಬದಿಯಿಂದ ಅವನು ನಕ್ಕ. "ನಾನು ಅಲ್ಲಿ ಹನ್ನೊಂದು ಸಲ ಇಳಿದಿದೀನಿ. ಹನ್ನೊಂದು ಸಲವೂ ಚಳಿಗೆ ನಡುಗಿದೀನಿ. ಇಷ್ಟು ಮೀನು ಮಾತ್ರ ಒಂದು ಸಲನೂ ಬಂದಿರಲಿಲ್ಲ." ಬಾಗಿಲವರೆಗೆ ಹೋದವನು ತಿರುಗಿ, ಮುಂದಿನ ವಾರ ಹಲ್ಲಿಗೆ ಕ್ಯಾಪ್ ಹಾಕುವಾಗ ಎಲ್ಲಿಗೆ ಕರ್ಕೊಂಡು ಹೋಗ್ತೀರ ಅಂತ ಕೇಳಿದ. ಅವನ ಹೆಂಡತಿ, ಕುತ್ತಿಗೆಯ ಬಟ್ಟೆ ಬಿಚ್ಚಿಟ್ಟು ಬಾರೋ ಮಾರಾಯ ಎಂದು ಹೊರಗಿನಿಂದ ಕೂಗಿದಳು.

ಮಾವ ಫಾರಮ್ಮನ್ನು ಫೈಲಿಗೆ ಸೇರಿಸಿ, ಮಧ್ಯಾಹ್ನದ ಬಿಡುವೆಂದು ಮುಂಬಾಗಿಲು ಹಾಕಿದರು. ಅವಳು ಉಪಕರಣ ತೊಳೆದು ಒಳಗೆ ಬಂದಾಗ ರೋಗಿಯ ಕುರ್ಚಿಯಲ್ಲಿ ಅವರು ಮಲಗಿದ್ದರು.

"ಹಲ್ಲು ನೋಯ್ತಿದ್ಯಾ ಮಾವ?"

"ಇಲ್ಲ," ಎಂದರು ಅವರು, ಕಣ್ಣು ತೆರೆಯದೆ. "ನನಗೆ ತುಂಬ ಆಳ ಬೇಡಮ್ಮ."

ಬೂಟುಗಳನ್ನು ಬಿಚ್ಚಿ ಕುರ್ಚಿಯ ಪಕ್ಕ ಜೋಡಿಸಿಟ್ಟಿದ್ದರು. ಪ್ಯಾಂಟಿನ ಎರಡೂ ಕಾಲುಗಳನ್ನು, ಒದ್ದೆಯಾಗದ ಹಾಗೆ, ಮಂಡಿಯವರೆಗೆ ಮಡಿಚಿಕೊಂಡಿದ್ದರು.