ಮಣ್ಣಿಗೆ ಹೆಪ್ಪು

ಹೀರಾಬಾಯಿ ಬದನೆಮಡಿಯ ಮಣ್ಣನ್ನು ಹಿಡಿಯಷ್ಟು ತೆಗೆದು ಮೂಗಿಗೆ ಹಿಡಿದಳು. ತವರಿನಿಂದ ತಂದ ಬೀಜದಲ್ಲಿ ಇನ್ನು ಸೆರಗಿನ ಗಂಟಿನಲ್ಲಿ ಉಳಿದದ್ದು ಒಂದೇ ಹಿಡಿ. ಬೇಲಿಯಾಚೆಯಿಂದ ನೆರೆಮನೆಯ ಅಂಬುಬಾಯಿ ನಕ್ಕಳು: "ಮಣ್ಣಿಗಿ ಅತ್ತರ್ ಹಚ್ಚೀಯೇನಕ್ಕಾ?"

ಹೋದ ವರ್ಷ ಬೇಲಿಯ ಬಳಿ ಎಣ್ಣೆ ಮಾರುವವನ ಬಂಡಿ ಮಗುಚಿ, ಪೀಪಾಯಿಯ ಸೀಮೆಎಣ್ಣೆಯೆಲ್ಲ ಇಬ್ಬರ ಮಡಿಗಳಿಗೂ ಹರಿದಿತ್ತು. ಎರಡು ಸಲ ಬಿತ್ತಿದರೂ ಬೀಜ ಮೊಳೆಯಲಿಲ್ಲ. ಆದರೆ ವಾಡಿ ಸ್ಟೇಷನ್ನಿನಲ್ಲಿ ನಿಜಾಮರ ರೈಲಿನ ಇಂಜಿನ್ ನಿಲ್ಲುವ ಕಡೆ, ಎಣ್ಣೆ ತೊಟ್ಟಿಕ್ಕಿ ಕಪ್ಪಾದ ಕೆಸರಿನಲ್ಲೂ ಹುಲ್ಲು ಬೆಳೆದದ್ದನ್ನು ಹೀರಾಬಾಯಿ ಕಂಡಿದ್ದಳು. ಆ ಕೆಸರನ್ನು ಒಂದು ಬಟ್ಟಲು ತಂದು, ಹಾಲಿಗೆ ಹೆಪ್ಪು ಹಾಕುವಂತೆ ಮಡಿಗೆ ಹಾಕಿದಳು. ಸಗಣಿನೀರು ಚಿಮುಕಿಸಿ ವಾರವಾರವೂ ಮಣ್ಣು ತಿರುವಿದಳು. ಓಣಿಯೆಲ್ಲ ನಕ್ಕಿತು. ನಗದವರು ಶಾಲೆಯ ನರಸಿಂಹ ಮಾಸ್ತರರೊಬ್ಬರೇ. "ಎಣ್ಣಿ ತಿಂದು ಬದುಕೋ ಸಣ್ಣ ಜೀವ ಮಣ್ಣಾಗ ಇರ್ತಾವಂತ ನಾ ಪುಸ್ತಕದಾಗ ಓದೀನಿ. ನಿಮಗ ಯಾರು ಹೇಳ್ಯಾರ್ರೀ ತಾಯಿ?" ಎಂದು ಕೈಮುಗಿದಿದ್ದರು.

ಈಗ ಸೀಮೆಎಣ್ಣೆಯ ವಾಸನೆ ಎಳ್ಳಷ್ಟೂ ಇರಲಿಲ್ಲ. ಬರೀ ಮಣ್ಣಿನ ವಾಸನೆ. ಹೀರಾಬಾಯಿ ಆ ಹಿಡಿ ಮಣ್ಣನ್ನು ಬೇಲಿಯ ಮೇಲಿಂದ ಚಾಚಿದಳು. ಅಂಬುಬಾಯಿ ಮೂಸಿದಳು, ಮತ್ತೊಮ್ಮೆ ಮೂಸಿದಳು. ಹೀರಾಬಾಯಿ ಬೀಜ ಬಿತ್ತಲೆಂದು ಸೆರಗಿನ ಗಂಟು ಬಿಚ್ಚುವಷ್ಟರಲ್ಲಿ ಅಂಬುಬಾಯಿ ಮನೆಯೊಳಗೆ ಹೋಗಿ, ದಿನಾ ಮೊಸರಿಗೆ ಹೆಪ್ಪು ಕೇಳಲು ತರುವ ಅದೇ ಬಟ್ಟಲು ಹಿಡಿದು ಬಂದಳು.

"ಭಾಳ ಬ್ಯಾಡಕ್ಕಾ," ಎಂದಳು, "ಹೆಪ್ಪಿಗಾಗೋವಷ್ಟು ಕೊಡು."