ನಾಲ್ಕನೆಯ ಕುರ್ಚಿ

ಟೈಗೆ ತೆಂಗಿನ ತುರಿ ಹತ್ತಬಾರದೆಂದು ಮಿಥುನ್ ಅದನ್ನು ಹೆಗಲ ಹಿಂದಕ್ಕೆ ಎಸೆದುಕೊಂಡ. ಹೆರೆಮಣೆಯ ಮೇಲೆ ಕೂತು ಹನ್ನೊಂದನೆಯ ಕಾಯಿ ಹೆರೆಯುತ್ತ, ಓರೆಗಣ್ಣಲ್ಲಿ ಅಡುಗೆಯವರನ್ನೇ ನೋಡುತ್ತಿದ್ದ. ಅವರು ಕಿವಿಯ ಮೇಲಿನ ಪೆನ್ನು ತೆಗೆದು ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಂಡರು.

ಬರೆದರು! ಮಾರ್ಕು ಬಿತ್ತು! ಮಿಥುನ್ ಇನ್ನೂ ಜೋರಾಗಿ ಹೆರೆಯತೊಡಗಿದ.

ಹುಡುಗನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ, ಕಾರಣವಿತ್ತು. ಕುಂದಾಪುರದ ಈ ಸಭಾಭವನದ ಮಹಡಿಯಲ್ಲಿ ಅವತ್ತು ಮಧ್ಯಾಹ್ನ ಎರಡಕ್ಕೆ ಇಂಜಿನಿಯರಿಂಗ್ ವಿದ್ಯಾರ್ಥಿಗಳ ನಾಯಕತ್ವ ಫೆಲೋಶಿಪ್ಪಿನ ಸಂದರ್ಶನ. ಆರು ಜನ, ಒಂದೇ ಸೀಟು. ಮೂರನೆಯ ವರ್ಷದವರಿಗೆ ಮಾತ್ರ ಅವಕಾಶ, ಈ ಸಲ ತಪ್ಪಿದರೆ ಮುಗಿಯಿತು. ಮಿಥುನನಿಗೆ ಅದು ಬೇಕೇ ಬೇಕಿತ್ತು. ಅವನ ನಾಯಕತ್ವದ ಚರಿತ್ರೆಯೋ, ದೇವರಿಗೇ ಪ್ರೀತಿ! ತರಗತಿಯ ಪ್ರತಿನಿಧಿ ಚುನಾವಣೆಯಲ್ಲಿ ಸಿಕ್ಕಿದ್ದು ಎರಡು ಓಟು. ಒಂದು ಅವನದೇ, ಇನ್ನೊಂದು ಯಾರದೋ ಕೈತಪ್ಪು. ಬೈಂದೂರಿನ ಬಸ್ಸಿನಲ್ಲಿ ಅವನು ಇಳಿಯಬೇಕೆಂದು ಕೂಗಿದರೆ ಬಸ್ಸು ನಿಲ್ಲುವುದು ಮುಂದಿನ ಸ್ಟಾಪಿನಲ್ಲೇ.

ಹಾಗಿರುವಾಗ ಹಿಂದಿನ ಸಂಜೆ ವಿಶಾಲಣ್ಣನ ಮೆಸೇಜು ಬಂದಿತ್ತು. ವಿಶಾಲ್ ಕಾಲೇಜಿನ ಸೀನಿಯರ್. ಕಳೆದ ವರ್ಷ ಇದೇ ಫೆಲೋಶಿಪ್ ಹೊಡೆದವ. ಈ ವರ್ಷದ ಆರು ಜನರ ವಾಟ್ಸಾಪ್ ಗುಂಪು ನೋಡಿಕೊಳ್ಳುವವನೂ ಅವನೇ. ಕಾಲೇಜು ಹಬ್ಬದಲ್ಲಿ ಸಾವಿರ ಜನರ ಊಟವನ್ನು ಒಂದು ಹನಿ ಬೆವರು ಸುರಿಸದೆ ಸುಧಾರಿಸಿದ ಗಟ್ಟಿಗ.

'ನಿಜವಾದ ಪರೀಕ್ಷೆ ಮಹಡಿಯಲ್ಲಲ್ಲ. ಬೆಳಿಗ್ಗೆ ಎಂಟಕ್ಕೆ ಕೆಳಗಿನ ಅಡುಗೆಮನೆಯಲ್ಲಿ. ನಿನಗೆ ಮಾತ್ರ ಹೇಳಿದ್ದು. ಯಾರ ಹತ್ತಿರವೂ ಬಾಯಿ ಬಿಡಬೇಡ.'

ಎಂಟಕ್ಕೆ ಐದು ನಿಮಿಷ ಇರುವಾಗಲೇ ಮಿಥುನ್ ಹಾಜರ್. ಕೆಳಗೆ ಯಾರದೋ ಮದುವೆಯ ಗಡಿಬಿಡಿ. ಅಡುಗೆಯವರ ಹೆಸರು ಚಂದಯ್ಯ, ಇಪ್ಪತ್ತು ವರ್ಷ ಮುಂಬೈ ಹೋಟೆಲಿನಲ್ಲಿ ಪಳಗಿದವರಂತೆ. ಟೈ ಕಟ್ಟಿದ ಹುಡುಗ ಅಡುಗೆಮನೆಗೆ ಬಂದರೂ ಅವರಿಗೆ ಒಂಚೂರು ಆಶ್ಚರ್ಯವಾಗಲಿಲ್ಲ.

"ಆರ್ ಜನ ಬಪ್ಪುದಲ್ದಾ? ಉಳ್ದವ್ರೆಲ್ಲಿ?" ಎಂದರು.

ಆರು ಜನ ಎಂಬುದು ಅಡುಗೆಯವರಿಗೆ ಹೇಗೆ ಗೊತ್ತು? ಮಿಥುನನಿಗೆ ಇದ್ದಬದ್ದ ಅನುಮಾನವೂ ಹೋಯಿತು. ಸಂದರ್ಶನಕ್ಕೆ ಕರೆದ ಪತ್ರದಲ್ಲಿ ನಾಲ್ವರು ತೀರ್ಪುಗಾರರು ಎಂದಿತ್ತು. ಒಬ್ಬರಂತೂ ಇಲ್ಲೇ, ಪಂಚೆ ಎತ್ತಿ ಕಟ್ಟಿ ಸೌಟು ಹಿಡಿದು ನಿಂತಿದ್ದಾರೆ.

ಅಷ್ಟರಲ್ಲಿ ನಿಖಿತಾ ಇಣುಕಿದಳು. ಅವಳೂ ಆರರಲ್ಲಿ ಒಬ್ಬಳು. "ನೀರು ಕುಡುಕೆ ಬಂದದ್ದ್" ಎಂದಳು. ಹಿಂದೆಯೇ ಇನ್ನೂ ನಾಲ್ವರಿಗೆ ಬಾಯಾರಿಕೆಯಾಯಿತು. ನೀರು ಕುಡಿದವರು ಒಬ್ಬರೂ ವಾಪಸು ಹೋಗಲಿಲ್ಲ.

ಹತ್ತು ಗಂಟೆಗೆ ಗ್ರೈಂಡರ್ ಗೊರ್ ಎಂದು ನಿಂತಿತು. ಚಂದಯ್ಯ ತಲೆಯ ಮೇಲೆ ಕೈ ಹೊತ್ತರು.

"ಹ್ವಾಯ್, ನಾನೂರ್ ಜನ್ರ ಊಟ ಇತ್ತ್! ಹನ್ನೆರ್ಡೂವರಿಗೆ ಎಲಿ ಹಾಕ್ಕ್. ನಮ್ ಕೆಲ್ಸದವ್ರೆಲ್ಲ ಬೇರೆ ಮದಿಗೆ ಹೋಯ್ರ್. ಇದ್ರ ಜವಾಬ್ದಾರಿ ಯಾರ್ ತಕಂತ್ರಿ?"

ಅಬ್ಬಬ್ಬಾ, ಎಂಥ ನಟನೆ! ಹಣೆಯ ಬೆವರು ಕೂಡ ನಿಜದ್ದರಂತೆಯೇ ಇದೆ. ಇದೇ ಪ್ರಶ್ನೆಪತ್ರಿಕೆ ಎಂದು ಮಿಥುನನಿಗೆ ಹೊಳೆಯಿತು. ಹೆರೆಮಣೆಯಿಂದ ಹಾರಿ ಎದ್ದ.

"ನಾನ್ ತಕಂತೆ!"

ಎಲೆಕ್ಟ್ರಿಕಲ್‌ನ ನಿಖಿತಾಳನ್ನು ಗ್ರೈಂಡರಿನ ಮೋಟರಿಗೆ ಹಚ್ಚಿದ. ಮೆಕ್ಯಾನಿಕಲ್‌ನ ಇಬ್ಬರಿಗೆ ಬೆಲ್ಟು ಬಿಗಿಯುವ ಕೆಲಸ. ಸಿವಿಲ್‌ನವಳು ದಾರ ಹಿಡಿದು ಊಟದ ಮೇಜುಗಳನ್ನು ಸಾಲು ಮಾಡಿದಳು. ಕಂಪ್ಯೂಟರ್ ಸೈನ್ಸಿನವನಿಗೆ ಏನು ಕೊಡುವುದೆಂದು ತಿಳಿಯದೆ ಕುಂಬಳಕಾಯಿ ಕೊಟ್ಟ. ಆಶ್ಚರ್ಯವೆಂದರೆ, ಎಲ್ಲರೂ ಅವನ ಮಾತು ಕೇಳಿದರು! ಹುಟ್ಟಿದಾಗಿನಿಂದ ಇಂಥ ಸುಖ ಅವನು ಕಂಡಿರಲಿಲ್ಲ. ಆ ಖುಷಿಯಲ್ಲೇ ಉಳಿದ ಕಾಯಿಗಳನ್ನೆಲ್ಲ ಹೆರೆದು ಮುಗಿಸಿದ.

ಹನ್ನೆರಡೂವರೆಗೆ ಸರಿಯಾಗಿ ಎಲೆ ಬಿತ್ತು. "ಟೀಮ್‌ವರ್ಕ್!" ಎಂದು ಚಂದಯ್ಯ ಅವನ ಬೆನ್ನು ತಟ್ಟಿ, ಪುಸ್ತಕದಲ್ಲಿ ಮತ್ತೇನೋ ಬರೆದುಕೊಂಡರು. ಸೀಟು ತನ್ನದೇ ಎಂದು ಮಿಥುನ್ ಎರಡು ಸಲ ಪಾಯಸ ಹಾಕಿಸಿಕೊಂಡ.

ಎರಡಕ್ಕೆ ಮಹಡಿ ಹತ್ತಿದರೆ ಅಲ್ಲಿ ನಾಲ್ಕು ಕುರ್ಚಿ, ಕೂತವರು ಮೂವರು.

"ನಾಲ್ಕನೆಯ ಸದಸ್ಯರು ಇನ್ನೂ ಬರಬೇಕು, ಬೇಸರ ಮಾಡಿಕೊಳ್ಳಬೇಡಿ" ಎಂದರು ನಡುವೆ ಕೂತ ಮೇಡಂ.

"ಗೊತ್ತು ಮೇಡಂ. ಪಾಪ, ಅವರಿಗೆ ಬೆಳಿಗ್ಗೆಯಿಂದ ಪುರುಸೊತ್ತೇ ಇಲ್ಲ."

ಮೇಡಂ ಹುಬ್ಬೇರಿಸಿದರು. "ನೀವು ಮುಂದೆ ನಿಂತು ನಡೆಸಿದ ಒಂದು ಕೆಲಸದ ಬಗ್ಗೆ ಹೇಳಿ."

ಮಿಥುನ್ ಬೆಳಗಿನದ್ದನ್ನೇ ಹೇಳಿದ. ಗ್ರೈಂಡರು, ಕುಂಬಳಕಾಯಿ, ನಾನೂರು ಎಲೆ. ಮೂವರೂ ಪೆನ್ನು ಕೆಳಗಿಟ್ಟು ಕೇಳಿದರು.

"ಅಲ್ಲಾ, ನೀವು ಅಡುಗೆಮನೆಗೆ ಹೋದದ್ದು ಯಾಕೆ?"

"ನೀರು ಕುಡಿಯಲು, ಮೇಡಂ."

ನಾಲ್ಕು ಗಂಟೆಗೆ ಫಲಿತಾಂಶ. ಆರೂ ಜನ ಉಗುರು ಕಚ್ಚುತ್ತ ಕೂತಿದ್ದಾಗ ಹಿರಿಯರೊಬ್ಬರು ಏದುಸಿರು ಬಿಡುತ್ತ ಬಂದು ನಾಲ್ಕನೆಯ ಕುರ್ಚಿಯಲ್ಲಿ ಧೊಪ್ಪನೆ ಕೂತರು. "ಕ್ಷಮಿಸಿ, ಬ್ರಹ್ಮಾವರದಲ್ಲಿ ಕಾರು ಕೈಕೊಟ್ಟಿತು."

ಮಿಥುನ್ ಮೆಟ್ಟಿಲಿನ ಕಡೆ ತಿರುಗಿ ನೋಡಿದ. ಇವರು ನಾಲ್ಕನೆಯವರಾದರೆ ಕೆಳಗಿರುವವರು ಯಾರು? ಬೆಳಿಗ್ಗೆಯಿಂದ ಹೆರೆದ ಅಷ್ಟೂ ಕಾಯಿ ನೀರಿಗೆ ಬಿತ್ತೆ?

"ನಾವು ಆರೂ ಜನರಿಗೆ ಒಂದೇ ಪ್ರಶ್ನೆ ಕೇಳಿದೆವು" ಎಂದರು ಮೇಡಂ. "ಉಳಿದ ಐವರೂ ಅದೇ ಮದುವೆ ಅಡುಗೆಯ ಕಥೆ ಹೇಳಿದರು. ಐದು ಕಥೆಯಲ್ಲೂ ಒಂದು ಮಾತಿತ್ತು: ಮಿಥುನ್ ಹೇಳಿದ, ನಾವು ಮಾಡಿದೆವು. ಹಾಗಾಗಿ ಸೀಟು ಮಿಥುನನಿಗೆ."

ನಿಖಿತಾ ಚಪ್ಪಾಳೆ ತಟ್ಟಿದಳು. ಮಿಥುನನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ತೀರ್ಪುಗಾರರಲ್ಲದಿದ್ದರೇನು, ಆ ಮನುಷ್ಯರ ಕಾಲು ಮುಟ್ಟಲೇಬೇಕು ಎಂದುಕೊಂಡು ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದ.

ಅಡುಗೆಮನೆಯ ಸ್ಟೂಲಿನ ಮೇಲೆ ಆ ಪುಟ್ಟ ಪುಸ್ತಕ ತೆರೆದು ಬಿದ್ದಿತ್ತು. 'ಮಿಥುನ್ – ಕಾಯಿ. ನಿಖಿತಾ – ಗ್ರೈಂಡರ್. ಕನ್ನಡಕದ ಹುಡುಗ – ಕುಂಬಳಕಾಯಿ, ದಪ್ಪ ಹೆಚ್ಚುತ್ತಾನೆ.' ಚಂದಯ್ಯ ಬೆನ್ನು ಹಾಕಿ ನಿಂತು ಫೋನಿನಲ್ಲಿ ದೊಡ್ಡ ದನಿಯಲ್ಲಿ ನಗುತ್ತಿದ್ದರು.

"ಹ್ವಾಯ್ ವಿಶಾಲ, ನಿನ್ನ ಅಪ್ಪಯ್ಯನ ಮರ್ಯಾದಿ ಉಳ್ಸ್ದೆ ಮಗಾ! ಬಪ್ಪ್ ವರ್ಷ ಮೆಸೇಜ್ ಹಾಕುವಾಗ ಪಾತ್ರಿ ತೊಳುಕೂ ನಾಕ್ ಇಂಜಿನಿಯರ್ ಹೆಚ್ಚಿಗೆ ಕರಿ!"